ಪ್ರವೇಶ ಉಚಿತ ಸರಿ, ವಾಪಸ್ ಬರೋದು ಹೇಗೆ? ಹಾಸನದ ಕಾಲೇಜು ಮಕ್ಕಳಿಗೆ ನಾಟಕ, ಸಂಗೀತ, ಉತ್ಸವಗಳ ಹೋಲಿಕೆ

ಹಾಸನದಲ್ಲಿ ನಾಟಕ, ಸಂಗೀತ, ನೃತ್ಯ ನೋಡಬೇಕು ಅಂದರೆ ಟಿಕೆಟ್ಟಿನ ದುಡ್ಡು ದೊಡ್ಡ ವಿಷಯವೇ ಅಲ್ಲ. ಇಲ್ಲಿ ನಡೆಯುವ ಹೆಚ್ಚಿನ ಕಾರ್ಯಕ್ರಮಗಳ ಕರಪತ್ರದ ಕೊನೆಯ ಸಾಲು ಒಂದೇ: ‘ಪ್ರವೇಶ ಉಚಿತ, ಸರ್ವರಿಗೂ ಸ್ವಾಗತ’. ತೊಂದರೆ ಬರುವುದು ಬೇರೆ ಕಡೆ. ಆರು ಗಂಟೆಗೆ ಅಂತ ಹಾಕಿದ ಕಾರ್ಯಕ್ರಮ ಏಳೂವರೆಗೆ ಶುರುವಾಗುತ್ತದೆ. ಅದು ಕಳೆಗಟ್ಟುವ ಹೊತ್ತಿಗೆ ಹಾಸ್ಟೆಲ್ ಗೇಟು ಹಾಕುವ ಸಮಯ. ಮೆಸ್ಸಿನ ಊಟ ಮುಗಿದಿರುತ್ತದೆ, ಸಿಟಿ ಬಸ್ಸು ನಿಂತಿರುತ್ತದೆ, ಆಟೊದವರು ರಾತ್ರಿ ರೇಟು ಹೇಳುತ್ತಾರೆ. ಪುಕ್ಕಟೆ ಕಾರ್ಯಕ್ರಮ ನೋಡಿ ಬಂದವರ ಜೇಬಿನಿಂದ ಇನ್ನೂರು ರೂಪಾಯಿ ಸುಮ್ನೆ ಹೋಗಿರುತ್ತದೆ.

ಹಾಗಾಗಿ ಇಲ್ಲಿ ಟಿಕೆಟ್ ದರಕ್ಕಿಂತ ಬೇರೆ ಲೆಕ್ಕ ಹಾಕಿದ್ದೇನೆ. ಹೇಳಿದ ಹೊತ್ತಿಗೆ ಶುರುವಾಗುತ್ತದಾ? ಮುಗಿದಾಗ ಬಸ್ಸು ಸಿಗುತ್ತದಾ? ಅರ್ಧಕ್ಕೆ ಎದ್ದು ಬಂದರೂ ನೋಡಿದ ಹಾಗೆ ಆಗುತ್ತದಾ? ಈ ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ನಾಟಕದ ಕೊನೆ ಬಿಟ್ಟು ಬಂದರೆ ಹೋಗಿದ್ದೇ ದಂಡ. ಗಣಪತಿ ಪೆಂಡಾಲಿನ ರಸಮಂಜರಿಯನ್ನು ಯಾವ ಹಾಡಿಗೆ ಬೇಕಾದರೂ ಬಿಟ್ಟು ಬರಬಹುದು.

ಕಲಾಕ್ಷೇತ್ರದ ಎರಡು ಬಗೆಯ ನಾಟಕ

ಹಾಸನದ ಕಾರ್ಯಕ್ರಮಗಳು ಅಂದರೆ ಮೊದಲು ನೆನಪಾಗುವುದು ಹಾಸನಾಂಬ ಕಲಾಕ್ಷೇತ್ರ. ಇಲಾಖೆಯ ಜಯಂತಿಗಳು, ನೃತ್ಯ ಶಾಲೆಯ ವಾರ್ಷಿಕೋತ್ಸವ, ಕಾಲೇಜು ಫೆಸ್ಟು, ನಾಟಕ, ಸನ್ಮಾನ ಸಮಾರಂಭ ಎಲ್ಲಕ್ಕೂ ಅದೇ ಸಭಾಂಗಣ. ಒಂದೇ ವಾರದಲ್ಲಿ ಅಲ್ಲಿ ಭರತನಾಟ್ಯವನ್ನೂ ನೋಡಬಹುದು, ಭೀಮನ ಗದೆಯನ್ನೂ ನೋಡಬಹುದು.

ನಾಟಕದಲ್ಲಿ ಎರಡು ಬಗೆ ಇದೆ. ಒಂದು, ಹೊರಗಿನಿಂದ ಬರುವ ತಿರುಗಾಟದ ತಂಡಗಳದ್ದು. ಹೆಗ್ಗೋಡಿನ ನೀನಾಸಂ ತಿರುಗಾಟ 1985ರಿಂದ, ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಊರೂರು ಸುತ್ತುತ್ತಿವೆ. ಮೈಸೂರಿನ ರಂಗಾಯಣದವರೂ ಹೊರ ಊರುಗಳಲ್ಲಿ ಆಡುತ್ತಾರೆ. ಮಳೆಗಾಲ ಕಳೆದ ಮೇಲೆ ಈ ತಂಡಗಳ ಓಡಾಟ ಜೋರು. ಸ್ಥಳೀಯ ರಂಗತಂಡವೋ ಸಂಘವೋ ಇವರನ್ನು ಕರೆಸುತ್ತದೆ. ಟಿಕೆಟ್ ಇಟ್ಟರೂ ಅದು ಒಂದು ಮಸಾಲೆ ದೋಸೆ, ಒಂದು ಕಾಫಿಯ ಆಸುಪಾಸಿನ ದುಡ್ಡು. ಕೆಲವು ಸಲ ಬಾಗಿಲಲ್ಲಿ ಡಬ್ಬಿ ಇಟ್ಟಿರುತ್ತಾರೆ, ಕೈಲಾದಷ್ಟು ಹಾಕಿದರೆ ಆಯಿತು.

ಇವರ ದೊಡ್ಡ ಗುಣ ಸಮಯ. ಇವತ್ತು ಹಾಸನ, ನಾಳೆ ಇನ್ನೊಂದು ಊರು ಅಂತ ಓಡುವವರು ಸೆಟ್ ಬಿಚ್ಚಿ ವ್ಯಾನಿಗೆ ತುಂಬಬೇಕು. ನಾಟಕ ಸಾಮಾನ್ಯವಾಗಿ ಒಂದೂವರೆ, ಎರಡು ಗಂಟೆ. ಉದ್ಘಾಟನೆಯ ಭಾಷಣ ಅಡ್ಡ ಬರದಿದ್ದರೆ ಒಂಬತ್ತರ ಒಳಗೆ ಆಚೆ ಬರುತ್ತೀರಿ. ಭಾಷಣ ಇದೆಯೋ ಇಲ್ಲವೋ ಅಂತ ತಿಳಿಯಲು ಕರಪತ್ರ ಓದಿ. ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ ಅಂತ ಹೆಸರುಗಳ ಸಾಲು ಉದ್ದ ಇದ್ದರೆ ಒಂದು ಗಂಟೆ ತಡವಾಗಿ ಹೋದರೂ ನಡೆಯುತ್ತದೆ. ಹೆಸರೇ ಇಲ್ಲದೆ ನಾಟಕ, ರಚನೆ, ನಿರ್ದೇಶನ ಅಂತ ಮಾತ್ರ ಇದ್ದರೆ ಹತ್ತು ನಿಮಿಷ ಮುಂಚೆಯೇ ಕೂತಿರಿ.

ಎರಡನೆಯದು ಪೌರಾಣಿಕ ನಾಟಕ. ಅದಕ್ಕೆ ಹೋಗುವ ಮುಂಚೆ ಒಂದಿಷ್ಟು ತಿಳಿದಿರಬೇಕು.

ಹಾಸನ, ಮಂಡ್ಯ, ತುಮಕೂರು ಸೀಮೆಯಲ್ಲಿ ‘ನಾಟಕ’ ಅಂದರೆ ಹಳ್ಳಿಯವರ ಬಾಯಲ್ಲಿ ಕುರುಕ್ಷೇತ್ರವೇ. ಇಲ್ಲಿ ಪಾತ್ರಧಾರಿಗೆ ಸಂಬಳ ಇಲ್ಲ. ಅವನೇ ದುಡ್ಡು ಕೊಟ್ಟು ಪಾತ್ರ ಹಿಡಿಯುತ್ತಾನೆ. ಕೃಷ್ಣ, ದುರ್ಯೋಧನ ದುಬಾರಿ. ವಿದುರ, ಸಾತ್ಯಕಿ ಅಗ್ಗ. ಕೃಷ್ಣನ ಪಾತ್ರಕ್ಕೆ ಆಸೆ ಪಡುವವರು ಜಾಸ್ತಿ, ಅದಕ್ಕೇ ಒಂದೇ ನಾಟಕದಲ್ಲಿ ಒಂದೊಂದು ಭಾಗಕ್ಕೆ ಒಬ್ಬೊಬ್ಬ ಕೃಷ್ಣ ಬರುತ್ತಾನೆ. ಮೊದಲ ಸಲ ನೋಡುವವರಿಗೆ ಇದೇ ಗೊಂದಲ. ಸಣ್ಣಗಿದ್ದ ಕೃಷ್ಣ ಒಳಗೆ ಹೋಗಿ ದಪ್ಪ ಮೀಸೆಯ ಕೃಷ್ಣನಾಗಿ ಬಂದ ಅಂತ ನಗಬೇಡಿ. ಪಕ್ಕದಲ್ಲಿ ಕೂತವರು ಅವನ ಅಣ್ಣನೇ ಆಗಿರಬಹುದು. ದ್ರೌಪದಿ, ಕುಂತಿ, ರುಕ್ಮಿಣಿ ಪಾತ್ರಗಳಿಗೆ ಮಾತ್ರ ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆ. ಇಡೀ ವೇದಿಕೆಯಲ್ಲಿ ಸಂಭಾವನೆ ತೆಗೆದುಕೊಂಡು ಪಾತ್ರ ಮಾಡುವವರು ಅವರೇ. ತಾಳ ತಪ್ಪದೆ ಹಾಡುವವರೂ ಸಾಮಾನ್ಯವಾಗಿ ಅವರೇ.

ಇದೆಲ್ಲ ನಿಂತಿರುವುದು ಹಾರ್ಮೋನಿಯಂ ಮೇಷ್ಟ್ರ ಮೇಲೆ. ತಿಂಗಳುಗಟ್ಟಲೆ ಊರಿನ ಶಾಲೆಯಲ್ಲೋ ದೇವಸ್ಥಾನದ ಜಗುಲಿಯಲ್ಲೋ ಪ್ರಾಕ್ಟೀಸ್ ಮಾಡಿಸಿದವರು ಅವರೇ. ನಾಟಕದ ದಿನ ವೇದಿಕೆಯ ಪಕ್ಕದಲ್ಲೇ ಕೂತಿರುತ್ತಾರೆ. ನೀವು ಮುಂದಿನ ಸಾಲಿನಲ್ಲಿ, ಅವರು ಕಾಣುವ ಕಡೆ ಕೂರಿ. ದುರ್ಯೋಧನ ಕಂದಪದ್ಯ ಎತ್ತಿಕೊಂಡ ಕೂಡಲೇ ಶ್ರುತಿ ಅರ್ಧ ಸ್ವರ ಮೇಲೆ ಹೋಗಿರುತ್ತದೆ. ಮೇಷ್ಟ್ರು ತಲೆ ಎತ್ತುವುದಿಲ್ಲ. ಬಲಗೈಯಲ್ಲಿ ಒಂದೇ ಸ್ವರ ಒತ್ತಿ ಹಿಡಿದು, ಅವನು ಇಳಿದು ಬರುವ ತನಕ ಬಿಡುವುದಿಲ್ಲ. ಮಾತು ಮರೆತರೆ ಬಾಯಿ ಅಲ್ಲಾಡಿಸದೆ ಮುಂದಿನ ಪದ ದಾಟಿಸುತ್ತಾರೆ. ಅಷ್ಟರಲ್ಲಿ ಸಭೆಯಿಂದ ಯಾರೋ ಎದ್ದು ಹೋಗಿ ನೋಟಿನ ಹಾರ ಹಾಕುತ್ತಾರೆ. ಸಂಧಾನ ಅಲ್ಲೇ ನಿಲ್ಲುತ್ತದೆ. ದುರ್ಯೋಧನ ಕೈ ಮುಗಿದು, ಮಾವನ ಜೊತೆ ಫೋಟೊ ತೆಗೆಸಿಕೊಂಡು, ಮತ್ತೆ ಗುಡುಗುತ್ತಾನೆ. ನಟನೆಯ ಮಟ್ಟದಿಂದ ಅಳೆದರೆ ತಿರುಗಾಟದ ನಾಟಕಕ್ಕೆ ಇದು ಸಮ ಅಲ್ಲ. ಆದರೆ ಹಗಲೆಲ್ಲ ಜಮೀನು, ಅಂಗಡಿ, ಕಚೇರಿ ಅಂತ ಓಡಾಡಿದವರು ನೂರಾರು ಹಾಡು ಬಾಯಿಪಾಠ ಮಾಡಿ ನಿಲ್ಲುತ್ತಾರಲ್ಲ, ಅದನ್ನು ಒಂದು ಸಲವಾದರೂ ನೋಡಬೇಕು.

ಹಳ್ಳಿಯಲ್ಲಿ ಇದು ರಾತ್ರಿ ಶುರುವಾಗಿ ಗದಾಯುದ್ಧದ ಹೊತ್ತಿಗೆ ಬೆಳಗಾಗುತ್ತದೆ. ಕಲಾಕ್ಷೇತ್ರದಲ್ಲಾದರೆ ಹಗಲಲ್ಲೂ ಆಡುತ್ತಾರೆ. ವಿದ್ಯಾರ್ಥಿಗಳಿಗೆ ಹಗಲಿನದ್ದೇ ಸರಿ. ಭಾನುವಾರ ಮಧ್ಯಾಹ್ನ ಊಟ ಮಾಡಿ ಹೋಗಿ, ಕೃಷ್ಣ ಸಂಧಾನ ನೋಡಿ, ಕತ್ತಲಾಗುವ ಮುಂಚೆ ರೂಮು ಸೇರಬಹುದು. ಕಥೆ ಎಲ್ಲರಿಗೂ ಗೊತ್ತಿರುವುದೇ, ಹಾಗಾಗಿ ನಡುವೆ ಎದ್ದು ಬಂದರೆ ನಷ್ಟ ಇಲ್ಲ. ಹಳ್ಳಿಯ ರಾತ್ರಿ ನಾಟಕ ಬೇಕೇ ಬೇಕು ಅನ್ನುವವರು ಆ ಊರಿನ ಗೆಳೆಯನೋ ಗೆಳತಿಯೋ ಇದ್ದರೆ ಮಾತ್ರ ಹೋಗಿ. ಅವರ ಮನೆಯಲ್ಲಿ ಊಟ, ಮಲಗಲು ಒಂದು ಚಾಪೆ ಸಿಗುತ್ತದೆ. ಅದಿಲ್ಲದೆ ಬೈಕಿನಲ್ಲಿ ನಡುರಾತ್ರಿ ಹೊರಟು ಬರುವುದು ಬೇಡ.

ವರ್ಷಕ್ಕೆ ಒಂದೇ ಸಂಜೆ ಕೊಡಬಲ್ಲೆ ಅನ್ನುವವರಿಗೆ ನನ್ನ ಮಾತು: ತಿರುಗಾಟದ ನಾಟಕಕ್ಕೆ ಹೋಗಿ, ಟಿಕೆಟ್ ಕೊಂಡೇ ಹೋಗಿ. ಇನ್ನೊಂದು ಭಾನುವಾರ ಬಿಡುವಿದ್ದರೆ ಕುರುಕ್ಷೇತ್ರಕ್ಕೆ.

ಪೆಂಡಾಲ್ ಗಣಪತಿಯೋ, ಹಾಸನಾಂಬೆಯ ಜನಸಾಗರವೋ

ಆಗಸ್ಟ್ ಕೊನೆಯಿಂದ ನವೆಂಬರ್ ತನಕ ಹಾಸನದಲ್ಲಿ ಕಾರ್ಯಕ್ರಮಗಳ ಸುಗ್ಗಿ. ಪೆಂಡಾಲ್ ಗಣಪತಿ ಕೂರಿಸಿದ ಮೇಲೆ ಸಂಜೆ ಹೊತ್ತು ಏನಾದರೂ ಒಂದು ನಡೆಯುತ್ತಲೇ ಇರುತ್ತದೆ. ಒಂದು ದಿನ ಹರಿಕಥೆ, ಇನ್ನೊಂದು ದಿನ ಸುಗಮ ಸಂಗೀತ, ಮತ್ತೊಂದು ದಿನ ಮಕ್ಕಳ ನೃತ್ಯ, ರಸಮಂಜರಿ. ಗುಣಮಟ್ಟ ಏರುಪೇರು. ಆದರೆ ಕಾಲೇಜು ಮಕ್ಕಳಿಗೆ ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ನಗರದ ನಡುವೆ ನಡೆಯುತ್ತದೆ, ಹೆಚ್ಚಿನ ಪಿಜಿಗಳಿಂದ ನಡೆದೇ ಹೋಗಬಹುದು, ಅರ್ಧ ಗಂಟೆ ನೋಡಿ ಬಂದರೂ ಯಾರೂ ಕೇಳುವುದಿಲ್ಲ. ಹರಿಕಥೆ ಅಂದ ಕೂಡಲೇ ಮೂಗು ಮುರಿಯಬೇಡಿ. ಒಬ್ಬರೇ ನಿಂತು ಹಾಡಿ, ಕಥೆ ಹೇಳಿ, ನಡುವೆ ಇವತ್ತಿನ ರಾಜಕೀಯಕ್ಕೆ ಒಂದು ಚುಚ್ಚಿ, ಎರಡು ಗಂಟೆ ಸಭೆ ಹಿಡಿದಿಡುವುದು ಅಂದರೆ ಸುಮ್ಮನೆ ಅಲ್ಲ. ಸ್ಟ್ಯಾಂಡ್ ಅಪ್ ಕಾಮಿಡಿ ಕಲಿಯುವ ಆಸೆ ಇರುವವರು ಒಳ್ಳೆಯ ಕಥಾಕೀರ್ತನಕಾರರ ಮುಂದೆ ಒಂದು ಸಂಜೆ ಕೂರಬೇಕು.

ವಿಸರ್ಜನೆಯ ಮೆರವಣಿಗೆ ಬೇರೆ ಲೆಕ್ಕ. ಡಿಜೆ ಸೌಂಡು, ರಸ್ತೆ ತುಂಬ ಜನ, ಪಕ್ಕದಲ್ಲೇ ವಾಹನ. 2025ರ ಸೆಪ್ಟೆಂಬರ್‌ನಲ್ಲಿ ಮೊಸಳೆಹೊಸಳ್ಳಿಯಲ್ಲಿ ಗಣೇಶ ಮೆರವಣಿಗೆಯ ಮೇಲೆ ಲಾರಿ ನುಗ್ಗಿ ಸತ್ತವರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗರೂ ಇದ್ದರು. ಹೆದ್ದಾರಿ ಬದಿಯ ಮೆರವಣಿಗೆಯಲ್ಲಿ ಕುಣಿಯುವ ಆಸೆ ಬಿಡಿ. ಡೊಳ್ಳು, ವೀರಗಾಸೆ ನೋಡಬೇಕು ಅಂದರೆ ನವೆಂಬರ್ ಒಂದರ ರಾಜ್ಯೋತ್ಸವದ ಮೆರವಣಿಗೆ ಇದೆ. ಹಗಲಲ್ಲಿ ನಡೆಯುತ್ತದೆ, ರಜೆಯೂ ಇರುತ್ತದೆ.

ಹಾಸನಾಂಬೆ ದೇವಸ್ಥಾನದ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆರೆಯುತ್ತದೆ. ಬಲಿಪಾಡ್ಯಮಿ ಆದ ಮೇಲೆ ಮತ್ತೆ ಮುಚ್ಚುತ್ತಾರೆ. 2025ರಲ್ಲಿ ಅಕ್ಟೋಬರ್ 9ಕ್ಕೆ ತೆರೆದು 23ಕ್ಕೆ ಮುಚ್ಚಿದರು. ಧರ್ಮದರ್ಶನದ ಸಾಲು ಉಚಿತ. ಸಾಲು ತಪ್ಪಿಸುವವರಿಗೆ 300 ರೂಪಾಯಿ, 1000 ರೂಪಾಯಿ ಟಿಕೆಟ್ ಇಟ್ಟಿದ್ದರು. ವಿದ್ಯಾರ್ಥಿಗಳಿಗೆ ಈ ಟಿಕೆಟ್ ಬೇಕಾಗಿಲ್ಲ. ಹೊರ ಜಿಲ್ಲೆಯವರು ಒಂದೇ ದಿನದಲ್ಲಿ ನೋಡಿ ಹೋಗಬೇಕು, ಅವರಿಗೆ ಅವಸರ. ನೀವು ಇದೇ ಊರಲ್ಲಿ ಇರುವವರು. ಶನಿವಾರ, ಭಾನುವಾರ, ದೀಪಾವಳಿ ರಜೆ ಬಿಟ್ಟು ವಾರದ ನಡುವೆ ಬೆಳಗ್ಗೆ ಬೇಗ ಹೋದರೆ ಸಾಲು ಕಮ್ಮಿ. ಮೊದಲ ದಿನ ಮತ್ತು ಕೊನೆಯ ದಿನ ಮಾತ್ರ ಸಾರ್ವಜನಿಕರಿಗೆ ದರ್ಶನ ಇರುವುದಿಲ್ಲ.

ದರ್ಶನ ಬೇಡ, ಬರೀ ಸಾಂಸ್ಕೃತಿಕ ಕಾರ್ಯಕ್ರಮ ಸಾಕು ಅನ್ನುವವರಿಗೆ ಈ ಹದಿನೈದು ದಿನ ಹಾಸನ ಸ್ವಲ್ಪ ಕಷ್ಟವೇ. ಬಸ್ಸು ತುಂಬಿರುತ್ತದೆ, ಹೋಟೆಲಲ್ಲಿ ಜಾಗ ಇರುವುದಿಲ್ಲ, ಆಟೊ ಸಿಗುವುದಿಲ್ಲ. ಸಂಗೀತ ಕೇಳುವ ಉದ್ದೇಶಕ್ಕಾದರೆ ಪೆಂಡಾಲೇ ವಾಸಿ.

ಒಂದು ಹಗಲು, ಮೂರು ಗುಡಿ

ರಾತ್ರಿ ಆಚೆ ಹೋಗಲು ಮನೆಯಲ್ಲಿ ಬಿಡುವುದಿಲ್ಲ, ಹಾಸ್ಟೆಲಲ್ಲಿ ಬಿಡುವುದಿಲ್ಲ ಅನ್ನುವ ಹುಡುಗಿಯರು ತುಂಬ ಜನ ಇದ್ದಾರೆ. ಅವರಿಗೆ ಹೇಳಿ ಮಾಡಿಸಿದ್ದು ಬೇಲೂರು, ಹಳೇಬೀಡು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಆಧಾರ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡರೆ ಆಯಿತು. ಎರಡೂ ಗುಡಿಗಳಿಗೆ ಪ್ರವೇಶ ಶುಲ್ಕ ಇಲ್ಲ. ಅಂದರೆ ಖರ್ಚು ಊಟದ್ದು ಮಾತ್ರ. ಹುಡುಗರು ಬಸ್ ಚಾರ್ಜು ಕೊಡಬೇಕು. ವಿದ್ಯಾರ್ಥಿ ಪಾಸು ಮನೆ–ಕಾಲೇಜು ದಾರಿಗೆ ಮಾತ್ರ, ಅದನ್ನು ತೋರಿಸಿ ಕಂಡಕ್ಟರ್ ಜೊತೆ ಜಗಳ ಬೇಡ.

ಹಾಸನದಿಂದ ಬೇಲೂರು ಸುಮಾರು 40 ಕಿಲೋಮೀಟರ್, ಹಳೇಬೀಡು ಸುಮಾರು 30. ಎರಡರ ನಡುವೆ 16. ಬೆಳಗ್ಗೆ ಎಂಟಕ್ಕೆ ಹೊರಟರೆ ಎರಡನ್ನೂ ನೋಡಿ ಸಂಜೆ ಐದಕ್ಕೆ ವಾಪಸ್. 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಜನ ಜಾಸ್ತಿಯಾಗಿದ್ದಾರೆ, ಹಾಗಾಗಿ ಇಲ್ಲೂ ವಾರದ ನಡುವಿನ ದಿನವೇ ಒಳ್ಳೆಯದು. ಹಳೇಬೀಡಿನ ಮ್ಯೂಸಿಯಂಗೆ ಸಣ್ಣ ಟಿಕೆಟ್ ಇದೆ. ಶುಕ್ರವಾರ ರಜೆ.

ಎರಡರಲ್ಲಿ ಒಂದೇ ಅಂದರೆ? ನೃತ್ಯ ಕಲಿಯುವವರಿಗೆ ಬೇಲೂರು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ಗುಡಿಯ ಮದನಿಕೆಯರನ್ನು ಕೆಳಗೆ ನಿಂತು ಕತ್ತೆತ್ತಿ ನೋಡಬೇಕು. ಕನ್ನಡಿ ಹಿಡಿದ ದರ್ಪಣ ಸುಂದರಿಯ ಮುಂದೆ ಎಲ್ಲರೂ ಫೋಟೊಗೆ ನಿಲ್ಲುತ್ತಾರೆ. ನೀವು ಮದನಿಕೆಯರ ಕಾಲಿನ ಕಡೆ ನೋಡಿ. ಭಾರ ಯಾವ ಪಾದದ ಮೇಲಿದೆ, ಸೊಂಟ ಎಷ್ಟು ತಿರುಗಿದೆ, ಪಕ್ಕದಲ್ಲಿ ಮದ್ದಳೆ ಹಿಡಿದವನ ಬೆರಳು ಎಲ್ಲಿದೆ. ಕ್ಲಾಸಿನಲ್ಲಿ ಮೇಡಂ ನೂರು ಸಲ ತಿದ್ದಿದ ಭಂಗಿ ಇಲ್ಲಿ ಕಲ್ಲಿನಲ್ಲಿ ನಿಂತಿರುತ್ತದೆ. ಬಳ್ಳಿಗಾವೆಯಿಂದ ಬಂದ ದಾಸೋಜ ಮತ್ತು ಅವನ ಮಗ ಚಾವಣ ಇಲ್ಲಿ ಕೆತ್ತಿದವರು, ತಮ್ಮ ಹೆಸರನ್ನೂ ಬರೆದು ಹೋಗಿದ್ದಾರೆ. ಗೈಡ್ ಬೇಕು ಅನ್ನಿಸಿದರೆ ಏಳೆಂಟು ಜನ ಸೇರಿ ಮಾಡಿಕೊಳ್ಳಿ, ತಲೆಗೆ ಬೀಳುವುದು ಕಮ್ಮಿ. ಚಿತ್ರ ಬರೆಯುವವರಿಗೆ, ಕಥೆ ಓದುವವರಿಗೆ ಹಳೇಬೀಡು. ಆನೆಯ ಸಾಲಿನಿಂದ ಶುರು ಮಾಡಿ ಮೇಲೆ ಮೇಲೆ ರಾಮಾಯಣ, ಮಹಾಭಾರತದ ಸಾಲಿನ ತನಕ ಗೋಡೆಯೇ ಪುಸ್ತಕ. ಒಂದು ಸ್ಕೆಚ್ ಪ್ಯಾಡ್ ಹಿಡಿದು ಹೋದರೆ ಮಧ್ಯಾಹ್ನ ಹೇಗೆ ಕಳೆಯಿತು ಗೊತ್ತಾಗುವುದಿಲ್ಲ.

ನನ್ನ ಆಯ್ಕೆ ಮಾತ್ರ ಎರಡೂ ಅಲ್ಲ, ದೊಡ್ಡಗದ್ದವಳ್ಳಿ. ಬೇಲೂರು ದಾರಿಯಲ್ಲೇ ಸಿಗುತ್ತದೆ, ಹಾಸನದಿಂದ ಬೇಲೂರಿನ ಅರ್ಧ ದೂರವೂ ಆಗುವುದಿಲ್ಲ. ಕುಲ್ಲಹಣ ರಾಹುತ ಅನ್ನುವ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ ಲಕ್ಷ್ಮೀದೇವಿ ಗುಡಿ ಇದು. ಬೇಲೂರಿಗಿಂತ ಹಳೆಯದು. ನಾಲ್ಕು ಗರ್ಭಗುಡಿ, ಕಾಳಿಯ ಗುಡಿಯ ಬಾಗಿಲಲ್ಲಿ ಎಲುಬಿನ ಹಂದರದಂಥ ಬೇತಾಳಗಳು, ಹಿಂದೆ ಕೆರೆ. ಗಲಾಟೆ ಇಲ್ಲ, ಸೆಲ್ಫಿಗೆ ಸಾಲು ಇಲ್ಲ. ಕೆತ್ತನೆಯ ವೈಭವ ಬೇಕು ಅನ್ನುವವರಿಗೆ ಇದು ಸಪ್ಪೆ ಅನ್ನಿಸಬಹುದು. ಮುಖ್ಯ ರಸ್ತೆಯಿಂದ ಒಳಗೆ ಹೋಗಬೇಕು, ಅದಕ್ಕೇ ಇಬ್ಬರು ಮೂವರು ಸೇರಿ ಹೋಗುವುದು ಒಳ್ಳೆಯದು. ನೀರು, ತಿಂಡಿ ಕಟ್ಟಿಕೊಂಡು ಹೋಗಿ.

ಚಿಕ್ಕಮಗಳೂರಿನಲ್ಲಿ ಓದುತ್ತಿರುವವರಿಗೆ ಬೇಲೂರು ಇನ್ನೂ ಹತ್ತಿರ, ಸುಮಾರು 25 ಕಿಲೋಮೀಟರ್. ಅಲ್ಲಿನವರು ಸಂಜೆಯ ನಾಟಕಕ್ಕೆ ಹಾಸನದ ತನಕ ಬರುವುದು ಬೇಡ. ನಿಮ್ಮ ಊರಿನ ಕುವೆಂಪು ಕಲಾಮಂದಿರದ ಮೇಲೆ ಕಣ್ಣಿಟ್ಟಿರಿ.

ಸಂಗೀತ, ಸಾಹಿತ್ಯ

ಕರ್ನಾಟಕ ಸಂಗೀತದ ಹುಚ್ಚಿರುವವರು ರುದ್ರಪಟ್ಟಣದ ಹೆಸರು ಕೇಳಿರುತ್ತೀರಿ. ಅರಕಲಗೂಡು ತಾಲೂಕಿನ ಕಾವೇರಿ ದಂಡೆಯ ಊರು. ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣ ಸಹೋದರರು, ಆರ್.ಕೆ. ಪದ್ಮನಾಭ ಎಲ್ಲರ ಹೆಸರಿನ ‘ಆರ್’ ಈ ಊರಿನದ್ದೇ. ಪದ್ಮನಾಭ ಅವರು ಅಲ್ಲಿ ತಂಬೂರಿಯ ಆಕಾರದಲ್ಲೇ ಗುಡಿ ಕಟ್ಟಿಸಿದ್ದಾರೆ, ಸಂಗೀತೋತ್ಸವವನ್ನೂ ನಡೆಸಿಕೊಂಡು ಬಂದಿದ್ದಾರೆ. ಬೆಂಗಳೂರಿನ ಸಭಾಗಳಲ್ಲಿ ಟಿಕೆಟ್ ಕೊಟ್ಟು ಕೇಳುವಂಥ ಕಲಾವಿದರನ್ನು ಅಲ್ಲಿ ನೆಲದ ಮೇಲೆ ಕೂತು ಕೇಳಬಹುದು. ಆದರೆ ಬಸ್ಸು ಬದಲಿಸಿ ಹೋಗಬೇಕಾದ ಊರು. ವಾಪಸ್ ಬರುವ ಬಸ್ಸಿನ ಸಮಯ ಮೊದಲೇ ಕೇಳಿಕೊಂಡು ಬೆಳಗಿನ ಕಛೇರಿಗೆ ಹೋಗಿ. ಅಷ್ಟು ದೂರ ಆಗಲ್ಲ ಅನ್ನುವವರಿಗೆ ರಾಮನವಮಿ ಸಮಯದಲ್ಲಿ ಊರಿನ ರಾಮಮಂದಿರಗಳಲ್ಲೇ ಕಛೇರಿ ಇರುತ್ತದೆ. ಪಾನಕ, ಕೋಸಂಬರಿ ಬೇರೆ.

ಕವಿಗೋಷ್ಠಿಗಳಿಗೆ ನಾನು ಕಣ್ಣು ಮುಚ್ಚಿ ಹೋಗಿ ಅನ್ನುವುದಿಲ್ಲ. ಮೂವತ್ತು ಕವಿಗಳ ಪಟ್ಟಿ ಇದ್ದರೆ ತಪ್ಪಿಸಿಕೊಳ್ಳಿ. ಲೇಖಕರ ಜೊತೆ ಸಂವಾದ ಅಂತ ಇದ್ದರೆ ಮಾತ್ರ ಕ್ಲಾಸ್ ಬಿಟ್ಟಾದರೂ ಹೋಗಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಇದೇ ಹಾಸನದವರು. ಅವರಂಥವರು ಮಾತಾಡುವ ಸಭೆಗೆ ಪ್ರವೇಶ ಶುಲ್ಕ ಇಲ್ಲದ ಊರಲ್ಲಿ ಇದ್ದೀರಿ.

ನೋಡುವುದಕ್ಕಿಂತ ಅಗ್ಗ: ವೇದಿಕೆ ಹತ್ತುವುದು

ಹಾಡು, ಕುಣಿತ ಬರುವವರಿಗೆ ಇನ್ನೊಂದು ದಾರಿ ಇದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಯುವಜನೋತ್ಸವಕ್ಕೆ 15ರಿಂದ 29 ವರ್ಷದವರು ಹೋಗಬಹುದು. ಜನಪದ ನೃತ್ಯ, ಜನಪದ ಗೀತೆ, ಭಾಷಣ ಇಂಥ ಸ್ಪರ್ಧೆಗಳು. ಜಿಲ್ಲೆಯಲ್ಲಿ ಗೆದ್ದವರು ರಾಜ್ಯಕ್ಕೆ, ಅಲ್ಲಿ ಗೆದ್ದವರು ಜನವರಿ 12ರ ಹೊತ್ತಿಗೆ ನಡೆಯುವ ರಾಷ್ಟ್ರೀಯ ಉತ್ಸವಕ್ಕೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಯುವ ಸೌರಭದಲ್ಲಿ ಯುವ ಕಲಾವಿದರಿಗೆ ವೇದಿಕೆ ಸಿಗುತ್ತದೆ. ಇವೆರಡರ ತೊಂದರೆ ಒಂದೇ. ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು ಬಂದು, ಮಾರನೇ ವಾರ ಸ್ಪರ್ಧೆಯೇ ಮುಗಿದಿರುತ್ತದೆ. ಕಾಲೇಜಿನ ಸಾಂಸ್ಕೃತಿಕ ವೇದಿಕೆ ನೋಡಿಕೊಳ್ಳುವ ಮೇಷ್ಟ್ರಿಗೋ ಮೇಡಂಗೋ ಸೆಪ್ಟೆಂಬರಿನಲ್ಲೇ ಹೇಳಿಟ್ಟಿರಿ. ಸುತ್ತೋಲೆ ಮೊದಲು ಬರುವುದು ಅವರ ಟೇಬಲ್ಲಿಗೆ. ಉಳಿದ ಕಾರ್ಯಕ್ರಮಗಳಿಗೆ ಊರಿನ ದಿನಪತ್ರಿಕೆಗಳ ‘ಇಂದಿನ ಕಾರ್ಯಕ್ರಮ’ ನೋಡಿ. ಕಲಾಕ್ಷೇತ್ರದ ಮುಂದೆ ಹಾದು ಹೋಗುವಾಗ ಗೇಟಿಗೆ ಕಟ್ಟಿದ ಬ್ಯಾನರಿನ ಫೋಟೊ ಹೊಡೆದುಕೊಂಡು ಹಾಸ್ಟೆಲ್ ಗ್ರೂಪಿಗೆ ಹಾಕಿ. ಐದಾರು ಜನ ಒಟ್ಟಿಗೆ ಹೊರಟರೆ ವಾರ್ಡನ್ ಅರ್ಧ ಗಂಟೆ ಜಾಸ್ತಿ ಕೊಡುವುದುಂಟು. ಆಟೊ ಚಾರ್ಜೂ ಹಂಚಿಹೋಗುತ್ತದೆ.